ನನ್ನ ಕೈಬರಹದ ಹಳದಿ ಕಾಗದ

ಏಳನೇ ಕಂತು

"ಇದು ನಿನ್ನ ಕೈಬರಹ ಹೌದೋ ಅಲ್ವೋ? ಅಷ್ಟು ಹೇಳು, ಸಾಕು."

ವರ್ನಾ ಗೇನ್ಸ್ ಹಳದಿ ಕಾಗದವನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. ಅರವತ್ತು ದಾಟಿದ ಎತ್ತರದ ಹೆಂಗಸು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದೊಡ್ಡ ದೊಡ್ಡ ಪಾತ್ರೆ ಎತ್ತಿದ ತೋಳು ಅವಳದು. 

ನಾವಿದ್ದದ್ದು ಅವಳ ತಮ್ಮ ಓಡೆಲನ ಅಡುಗೆಮನೆಯಲ್ಲಿ. ಶುಕ್ರವಾರ ಮಧ್ಯಾಹ್ನ. ಓಡೆಲ್ ಕಾಣೆಯಾಗಿ ಮೂರು ದಿನವಾಗಿತ್ತು.

"ಕೈಬರಹ ನನ್ನದೇ," ಎಂದೆ. "ಆದ್ರೆ ಬರೆದವಳು ನಾನಲ್ಲ."

"ಆಹಾ! ಕೈ ನಿನ್ನದು, ಬರೆದಿದ್ದು ದೆವ್ವ. ಇದನ್ನ ಪೊಲೀಸರ ಮುಂದೆ ಹೇಳು, ನಿಂಗೆ ಕುರ್ಚಿ ಹಾಕಿ ಕೂರಿಸ್ತಾರೆ."

"ವರ್ನಾ, ಕೂಗಾಡಬೇಡ. ಒಂದು ಸಲ ಕೊಡು ಇಲ್ಲಿ."

ಕೊಡಲಿಲ್ಲ. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನನಗೆ ತೋರಿಸಿದಳು. ಸರಿ, ಅವಳ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ.

ನನ್ನ ಕಸುಬು ಏನೆಂದು ಈ ಊರಿಗೆಲ್ಲ ಗೊತ್ತು. ಕಂತು ಕಟ್ಟಲಾಗದವರ ಮನೆಗಳನ್ನು ಬ್ಯಾಂಕಿನವರು ತಿಂಗಳ ಮೊದಲ ಮಂಗಳವಾರ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಹರಾಜು ಹಾಕುತ್ತಾರೆ. ಅದಕ್ಕೆ ಮೂರು ವಾರ ಮುಂಚೆ ಆ ಮನೆಗಳ ನೋಟಿಸು ಕೋರ್ಟಿನ ಫಲಕದ ಮೇಲೆ ಬೀಳುತ್ತದೆ. ಬಿದ್ದ ಗಳಿಗೆಯಿಂದ ನನ್ನಂಥವರ ಓಟ ಶುರು. ಹರಾಜಿಗೆ ಮೊದಲೇ ಮನೆಯವರನ್ನು ಕಂಡು, ಮಾತಾಡಿ, ಮನೆ ಕೊಂಡುಬಿಡಬೇಕು. ಅವರು ಬರಿಗೈಯಲ್ಲಿ ಬೀದಿಗೆ ಬೀಳುವುದು ತಪ್ಪುತ್ತದೆ, ನನ್ನ ಒಲೆಯೂ ಉರಿಯುತ್ತದೆ. ರಣಹದ್ದುಗಳು ಅಂತಾರೆ ನಮ್ಮನ್ನು. ಅನ್ನಲಿ ಬಿಡಿ, ಇಪ್ಪತ್ತೆರಡು ವರ್ಷದಿಂದ ಕೇಳಿ ಕೇಳಿ ಸಾಕಾಗಿದೆ.

ಅಚ್ಚು ಹಾಕಿಸಿದ ಕಾಗದವನ್ನು ಯಾರೂ ಬಿಡಿಸಿ ನೋಡುವುದಿಲ್ಲ, ನೇರ ಕಸದ ಬುಟ್ಟಿಗೆ. ಅದಕ್ಕೇ ನಾನು ಗೆರೆ ಎಳೆದ ಹಳದಿ ಕಾಗದದ ಮೇಲೆ ಕೈಯಲ್ಲೇ ಬರೆದು ಬಾಗಿಲಿಗೆ ಸಿಕ್ಕಿಸಿ ಬರುತ್ತೇನೆ. ಕೊನೆಯ ಸಾಲು ಯಾವಾಗಲೂ ಒಂದೇ: 'ನನಗೇ ಮಾರಬೇಕು ಅಂತಿಲ್ಲ. ಮನೆಯಲ್ಲಿ ಕಾಫಿ ಇದ್ದರೆ ಬಾಗಿಲು ತೆರೆಯಿರಿ, ಅಷ್ಟು ಸಾಕು. ಡೆಲ್ಫಿನಾ ಕ್ಯಾಂಟು.'

ವರ್ನಾಳ ಕೈಯಲ್ಲಿದ್ದ ಕಾಗದದಲ್ಲೂ ಅದೇ ಸಾಲು. ಅದೇ ಉದ್ದ ಬಾಲದ ಅಕ್ಷರ. ಹೆಸರಿನ ಕೆಳಗೆ ನಾನು ಎಳೆಯುವ ಸೊಟ್ಟ ಗೀಟು ಕೂಡ ಹಾಗೇ ಇತ್ತು.  ಆದರೆ ಈ ಮನೆಗೆ ನಾನು ಕಾಗದ ಬರೆದೇ ಇಲ್ಲ. ಈ ತಿಂಗಳ ಪಟ್ಟಿಯಲ್ಲಿ ಇದನ್ನು ನೋಡಿದ್ದೆ, ಅಷ್ಟೇ. ಊರಾಚೆ ದೂರ ಅಂತ ಬಿಟ್ಟಿದ್ದೆ.

"ಅವನು ಯಾರನ್ನೂ ಒಳಗೆ ಬಿಡೋನಲ್ಲ," ಎಂದಳು ವರ್ನಾ. "ಹೆಂಡ್ತಿ ಸತ್ತ ಮೇಲೆ ಪಾದ್ರಿ ಬಂದ್ರೂ ಜಗಲಿಯಿಂದಲೇ ಮಾತಾಡಿಸಿ ಕಳಿಸ್ತಿದ್ದ. ನಿನ್ನ ಕಾಗದ ಓದಿ ನಂಗೆ ಫೋನ್ ಮಾಡಿದ್ದ. 'ಅಕ್ಕಾ, ಈ ಹೆಂಗಸು ಕಾಫಿ ಕೇಳ್ತಾಳೆ, ಮನೆ ಕೇಳಲ್ಲ, ಪಾಪ ಒಳ್ಳೆಯವಳು' ಅಂದ. ಒಳ್ಳೆಯವಳಂತೆ!"

ಆ ಮಾತು ಕೆನ್ನೆಗೆ ಹೊಡೆದ ಹಾಗಾಯಿತು.

ಏಪ್ರಿಲ್‌ನಿಂದೀಚೆಗೆ ಹರಾಜಿಗೆ ಮೊದಲು ಮನೆ ಮಾರಿದ ಇಬ್ಬರು ಒಂಟಿ ಗಂಡಸರು ಎಲ್ಲಿ ಹೋದರೆಂದು ಯಾರಿಗೂ ಗೊತ್ತಿಲ್ಲ. ಎರಡೂ ಮನೆ ಕೊಂಡವನು ಗ್ರೇಡಿ ಸಟರ್, ಒಂದು ಕಾಲದಲ್ಲಿ ನನಗೆ ಕೆಲಸ ಕೊಟ್ಟಿದ್ದ ಯಜಮಾನ. ಈಗ ಓಡೆಲನ ಮೇಜಿನ ಮೇಲೂ ಅವನದೇ ಕರಾರುಪತ್ರ ಬಿದ್ದಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನೋಟರಿ ಮುಂದೆ ಓಡೆಲ್ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಮಾರನೇ ದಿನವೇ ಹರಾಜು.

ಅಂದರೆ ಸೋಮವಾರದ ತನಕ ಓಡೆಲನ ಬಲಗೈ ಅವರಿಗೆ ಬೇಕು. ಸಹಿ ಬಿದ್ದ ಮೇಲೆ ಆ ಕೈಯೂ ಬೇಡ, ಕೈಯ ಒಡೆಯನೂ ಬೇಡ.

"ಪೊಲೀಸರು ಏನಂದ್ರು?" ಎಂದೆ.

"ವಯಸ್ಸಾದೋನು, ಮನೆ ಮಾರಿದಾನೆ, ದುಡ್ಡು ಬರುತ್ತೆ ಅಂತ ಎಲ್ಲೋ ಖುಷಿಯಾಗಿ ಹೋಗಿರ್ತಾನೆ, ಸೋಮವಾರ ಬರದಿದ್ರೆ ಹೇಳಿ ಅಂದ್ರು." ಅವಳು ಹಿಂಬಾಗಿಲು ತಳ್ಳಿದಳು. "ಖುಷಿಯಾಗಿ ಹೋದೋನು ಹಕ್ಕಿಗಳನ್ನ ಸಾಯೋಕೆ ಬಿಟ್ಟು ಹೋಗ್ತಾನೇನೇ? ಬಾ, ನೀನೇ ನೋಡು."

ಹಿತ್ತಲಲ್ಲಿ ಓಡೆಲನ ಪಾರಿವಾಳದ ಗೂಡು. ಗೂಡು ಅಂದರೆ ಒಂದು ಸಣ್ಣ ಕೋಣೆಯೇ. ಹಸಿರು ಬಣ್ಣ ಬಳಿದು, ಮುಂದೆ ಹಕ್ಕಿ ಇಳಿಯಲು ಹಲಗೆ ಮಾಡಿ, ಒಳಗೆ ನುಗ್ಗುವ ಕಿಂಡಿಗೆ ಒಂದು ಪುಟ್ಟ ಗಂಟೆ ಕಟ್ಟಿದ್ದ. ಪಂದ್ಯದ ಪಾರಿವಾಳಗಳು. ಮುನ್ನೂರು ಮೈಲಿ ದೂರ ಒಯ್ದು ಬಿಟ್ಟರೂ ಸಂಜೆಯೊಳಗೆ ಬಂದು ಆ ಗಂಟೆ ಬಾರಿಸುವಂಥವು.

ನೀರಿನ ತೊಟ್ಟಿ ಒಣಗಿ ತಳದಲ್ಲಿ ಬಿರುಕು ಬಿಟ್ಟಿತ್ತು. ಎರಡು ಹಕ್ಕಿ ನೆಲದ ಮೇಲೆ ಸತ್ತು ಬಿದ್ದಿದ್ದವು. ಉಳಿದವು ರೆಕ್ಕೆ ಜೋಲು ಬಿಟ್ಟು ಸುಮ್ಮನೆ ಕೂತಿದ್ದವು. ಅಷ್ಟು ಹಕ್ಕಿಗಳಿದ್ದೂ ಒಂದೂ ಗುಟುರು ಹಾಕುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿದ್ದು.

ವರ್ನಾ ಬಕೆಟಿನಲ್ಲಿ ನೀರು ತಂದು ಸುರಿಯುತ್ತ ಬೆರಳು ಮಡಚಿ ಎಣಿಸಿದಳು. "ಎರಡು ಕಡಿಮೆ. ಕಪ್ಪು ಹೆಣ್ಣು ಇಲ್ಲ, ಮೊಣಕಾಲವರೆಗೆ ಪುಕ್ಕ ಇರೋ ಗಂಡು ಇಲ್ಲ. ಒಯ್ಯೋ ಬುಟ್ಟಿನೂ ಇಲ್ಲ."

"ಹಾಗಾದ್ರೆ ಅವನು ಇಷ್ಟಪಟ್ಟೇ ಹೋಗಿದಾನೆ," ಎಂದೆ. "ಮನೆ ಮಾರಿದ್ರೆ ಇರೋಕೆ ಬೇರೆ ಜಾಗ ತೋರಿಸ್ತೀವಿ ಅಂದಿರ್ತಾರೆ. ಅಲ್ಲಿಂದ ಹಕ್ಕಿ ಹಾರಿಸಿ ನೋಡೋಣ ಅಂತ ಎರಡನ್ನ ಜತೆಗೆ ಒಯ್ದಿದಾನೆ. ಸಂಜೆ ವಾಪಸ್ ಬರ್ತೀನಿ ಅಂದುಕೊಂಡೇ ಹೋದೋನು."

ವರ್ನಾ ಬಕೆಟು ಕೆಳಗಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಆ ಹಳದಿ ಕಾಗದವನ್ನು ಮಡಚಿ ನನ್ನ ಕೈಗಿಟ್ಟಳು. "ನೀನಲ್ಲ ಅಂದ್ರೆ ಯಾರು ಅಂತ ಹುಡುಕು. ಸೋಮವಾರದೊಳಗೆ."

ಬೆಳಕಿಗೆ ಹಿಡಿದು ನೋಡಿದೆ. ಎರಡು ಸಂಗತಿ ಕಂಡವು.

ಒಂದು, ಮೇಲೆ ಶಿಲುಬೆ ಇರಲಿಲ್ಲ. ನಾನು ಏನೇ ಬರೆಯಲಿ, ತರಕಾರಿ ಚೀಟಿಯಾದರೂ ಸರಿ, ಮೊದಲು ತುದಿಯಲ್ಲಿ ಸಾಸಿವೆಯಷ್ಟು ಶಿಲುಬೆ ಹಾಕುತ್ತೇನೆ. ನನ್ನ ಅಜ್ಜಿ ಕಲಿಸಿದ ಅಭ್ಯಾಸ. ಗೊತ್ತಿಲ್ಲದವರಿಗೆ ಅದು ಪೆನ್ನು ತಾಗಿದ ಗುರುತಿನಂತೆ ಕಾಣುತ್ತದೆ. ನಕಲು ಮಾಡಿದವರು ಅದನ್ನು ಬಿಟ್ಟಿದ್ದರು.

ಎರಡು, ತಾರೀಖು. ಅಕ್ಟೋಬರ್ ಹನ್ನೆರಡು, ಭಾನುವಾರ. ಆದರೆ ಈ ಮನೆಯ ನೋಟಿಸು ಫಲಕಕ್ಕೆ ಬಿದ್ದದ್ದು ಹದಿನಾಲ್ಕು, ಮಂಗಳವಾರ. ನನಗೆ ಚೆನ್ನಾಗಿ ನೆನಪಿದೆ, ಅವತ್ತು ಫಲಕದ ಮುಂದೆ ನಾನೇ ನಿಂತಿದ್ದೆ. ಇನ್ನೂ ಬೀಳದ ನೋಟಿಸನ್ನು ಎರಡು ದಿನ ಮುಂಚೆ ಓದಿದವರು ಯಾರು?

ಅದು ಗೊತ್ತಿರುವ ಒಬ್ಬನೇ ಒಬ್ಬ ನನ್ನ ಫೋನಿನಲ್ಲಿದ್ದ.

ನಿಕಾನೋರ್. ವಕೀಲರ ಕಚೇರಿಯಿಂದ ಶನಿವಾರ ನೋಟಿಸಿನ ಕಟ್ಟು ತಗೊಂಡು, ಮಂಗಳವಾರ ಕೋರ್ಟಿನ ಫಲಕಕ್ಕೆ ಪಿನ್ನು ಚುಚ್ಚುವವನು. ಹದಿನೆಂಟು ವರ್ಷದಿಂದ ಅದೇ ಕೆಲಸ. ನನ್ನ ಮಗಳು ಆರಸೇಲಿಯ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತವನು ಅವನು. ಅವಳಿಗೆ ಅವನು ಪದ್ರಿನೊ, ಅಂದರೆ ಜ್ಞಾನತಂದೆ. ಅಂದಿನಿಂದ ನನಗೆ ಅವನು ಕೊಂಪಾದ್ರೆ, ಅವನಿಗೆ ನಾನು ಕೊಮಾದ್ರೆ, ಬೀಗರ ಹಾಗೆ. ಚಿಕ್ಕಂದಿನಿಂದ ಹೋಗೋ ಬಾರೋ ಅಂತಿದ್ದವರು ಆವತ್ತಿನಿಂದ ಬಹುವಚನಕ್ಕೆ ಬಂದೆವು. ನನ್ನ ಗಂಡ ಸತ್ತಾಗ ಗುಂಡಿ ತೋಡಿಸುವುದರಿಂದ ಊಟ ಬಡಿಸುವವರೆಗೆ ಎಲ್ಲ ಮಾಡಿದವನು ಅವನೇ.

ಫೋನ್ ಮಾಡಿ 'ಓಡೆಲ್ ಗೇನ್ಸ್ ಮನೆಯಲ್ಲಿದ್ದೇನೆ, ಸ್ವಲ್ಪ ಬನ್ನಿ' ಅಂದೆ, ಅಷ್ಟೇ. ಬೇರೇನೂ ಹೇಳಲಿಲ್ಲ.

"ಎಲ್ಲಿ ಬರುತ್ತೆ ಅದು? ನಾನು ಆ ಕಡೆ ಬಂದೇ ಇಲ್ಲ," ಎಂದ. ದಾರಿ ಹೇಳಿದೆ.

ಕಾಯುವಾಗ ಆರಸೇಲಿಗೊಂದು ಮೆಸೇಜು ಹಾಕಿದೆ. ಹೋದ ವರ್ಷ ಯಾರದೋ ಮನೆಯ ಮೆಟ್ಟಿಲಿಂದ ಬಿದ್ದು ನನ್ನ ಮಣಿಕಟ್ಟು ಮುರಿದಾಗ, ಮೂರು ತಿಂಗಳು ನನ್ನ ಕಾಗದಗಳನ್ನೆಲ್ಲ ಬರೆದುಕೊಟ್ಟವಳು ಅವಳು. ಬರೆದು ಬರೆದು ನನ್ನ ಅಕ್ಷರವೇ ಅವಳಿಗೆ ಕೂತುಬಿಟ್ಟಿತ್ತು. ಆಗಸ್ಟಿನಲ್ಲಿ ಜಗಳ ಆಡಿ ಹೂಸ್ಟನ್ನಿಗೆ ಹೋದಳು. 'ಬಡವರ ಬಾಗಿಲು ಕಾಯೋ ಕೆಲಸ ನಂಗೆ ಬೇಡ' ಅಂದಳು. ನಾನೂ ಸುಮ್ಮನಿರುವವಳಲ್ಲ, ಬಾಯಿಗೆ ಬಂದದ್ದೆಲ್ಲ ಅಂದೆ. ಆದರೂ ದಿನಾ ಮಧ್ಯಾಹ್ನ ತನ್ನ ಊಟದ ತಟ್ಟೆಯ ಫೋಟೋ ಕಳಿಸುತ್ತಿದ್ದಳು. ನಮ್ಮ ರಾಜಿ ಅದು. ಈ ಮಂಗಳವಾರದಿಂದ ಫೋಟೋ ಇಲ್ಲ. 'ಚೆನ್ನಾಗಿದ್ದೇನೆ' ಅಂತ ಒಂದೇ ಪದ ಬರುತ್ತಿತ್ತು. ಈಗಲೂ ಅದೇ ಬಂತು.

ಮನೆ ಪಕ್ಕದ ಗೇಟಿನ ಸದ್ದಾಯಿತು. ನಿಕಾನೋರ್ ಗೇಟಿನ ಕೆಳತುದಿಗೆ ಬೂಟಿನಿಂದ ಒಂದು ಒದೆ ಕೊಟ್ಟು, ಮೇಲಕ್ಕೆತ್ತಿ, ತಳ್ಳಿಕೊಂಡು ಒಳಗೆ ಬಂದ. ಕೈಯಲ್ಲಿ ಬೀನ್ಸ್ ತುಂಬಿದ ತಾಕೊ ರೊಟ್ಟಿಯ ಪೊಟ್ಟಣ.

"ಏನ್ರೀ ಕೊಮಾದ್ರೆ, ಮನೆ ಬಿಟ್ಟು ಹಕ್ಕಿ ವ್ಯಾಪಾರ ಶುರು ಮಾಡಿದ್ರಾ?"

"ಮನುಷ್ಯರಿಗಿಂತ ವಾಸಿ ಕೊಂಪಾದ್ರೆ. ಸುಳ್ಳು ಹೇಳಲ್ಲ. ನೀವು ಫಲಕಕ್ಕೆ ಹಾಕಿದ್ದಕ್ಕೆಲ್ಲ ಫೋಟೋ ತೆಗೀತೀರಲ್ಲ, ಈ ಮನೇದು ಇದೆಯಾ?"

"ಇಲ್ದೆ ಏನು? ವಕೀಲರಿಗೆ ಸಾಕ್ಷಿ ಬೇಕು." ಹೆಮ್ಮೆಯಿಂದ ಫೋನು ತೆಗೆದು ಉಜ್ಜಿದ. "ನೋಡಿ. ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಎಂಟು ಇಪ್ಪತ್ತು. ಒಂದು ನಿಮಿಷ ಆಚೀಚೆ ಆಗಲ್ಲ ನಂದು."

"ಅದಕ್ಕೆ ಮುಂಚೆ ಕಟ್ಟು ಯಾರ ಕೈಗೂ ಹೋಗಲ್ಲ?"

"ನನ್ನ ಗಾಡೀಲಿ ಬೀಗ ಹಾಕಿ ಇಟ್ಟಿರ್ತೀನಿ. ನನ್ನ ಹೆಂಡ್ತಿಗೂ ತೋರಿಸಲ್ಲ."

ನಾನು ಹಳದಿ ಕಾಗದವನ್ನು ಅವನ ಮುಂದೆ ಹಿಡಿದೆ. ತಾರೀಖಿನ ಮೇಲೆ ಹೆಬ್ಬೆರಳಿಟ್ಟೆ.

ಅವನ ಮುಖದ ನಗು ತಕ್ಷಣ ಹೋಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇತ್ತು, ಅಷ್ಟರಲ್ಲಿ ಕಣ್ಣು ಬೇರೆ ಆಗಿತ್ತು.

"ಯಾರಿಗೆ ತೋರಿಸಿದೆ?" ಎಂದೆ.

ಇಪ್ಪತ್ತಾರು ವರ್ಷದ ಮೇಲೆ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದೆ. ಅವನಿಗೂ ಕೇಳಿಸಿತು.

"ಕೊಮಾದ್ರೆ, ಮೆಲ್ಲಗೆ..."

"ಯಾರಿಗೆ ಕೊಟ್ಟೆ ಪಟ್ಟಿ? ಗ್ರೇಡಿ ಸಟರಿಗಾ? ಎಷ್ಟು ದಿನದಿಂದ ನಡೀತಿದೆ ಇದು? ಇಬ್ಬರು ಹೋದ್ರು ಕಣೋ! ಇವನು ಮೂರನೆಯವನು! ಅವನ ಅಕ್ಕ ಅಲ್ಲಿ ಗೂಡೊಳಗೆ ಸತ್ತ ಹಕ್ಕಿ ಎತ್ತಿ ಹಾಕ್ತಿದಾಳೆ, ಹೋಗಿ ಅವಳ ಮುಖ ನೋಡಿ ಹೇಳು!"

ಅವನು ತಾಕೊ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟ. ಟೋಪಿ ತೆಗೆದ. "ನೀವಾಗಿ ಕೇಳೋ ತನಕ ಹೇಳಬಾರದು ಅಂತಿದ್ದೆ. ನಿಮ್ಮ ಎದೆ ಒಡೆಯುತ್ತೆ ಅಂತ."

"ನನ್ನ ಎದೆ ಚಿಂತೆ ನಿಂಗೆ ಬೇಡ."

"ನಿಮ್ಮ ಮಗಳು ಕೊಮಾದ್ರೆ. ಆರಸೇಲಿ."

ನಾನು ಅವನ ಅಂಗಿ ಹಿಡಿದುಬಿಟ್ಟೆ. "ಅವಳ ಹೆಸರು ಎತ್ತಿದ್ರೆ ನೋಡು! ನಾಲಿಗೆ ಬಿದ್ದುಹೋಗುತ್ತೆ ನಿಂಗೆ!"

"ಹೊಡೀರಿ, ಹೊಡೆಸ್ಕೊಳ್ತೀನಿ. ಆದ್ರೆ ಕೇಳಿ." ಅವನು ಅಂಗಿ ಬಿಡಿಸಿಕೊಳ್ಳಲಿಲ್ಲ. "ಮಾರ್ಚಿನಲ್ಲಿ ಬಂದ್ಲು. ಪದ್ರಿನೊ, ಅಮ್ಮಂಗೆ ಪಟ್ಟಿ ಎರಡು ದಿನ ಮುಂಚೆ ಬೇಕಂತೆ, ಕೇಳೋಕೆ ಅವಳಿಗೆ ನಾಚಿಕೆಯಂತೆ ಅಂದ್ಲು. ನಿಮಗೇ ಅಂತ ಕೊಟ್ಟೆ. ಮೂರು ಸಲ ಕೊಟ್ಟೆ. ಅವಳು ಸಟರ್ ಗಾಡಿಯಿಂದ ಇಳಿಯೋದನ್ನ ನೋಡಿದ್ದು ಹೋದ ವಾರ. ನಿಮ್ಮ ಅಕ್ಷರ ಬರೆಯೋಕೆ ಇನ್ನ್ಯಾರಿಗೆ ಬರುತ್ತೆ, ನೀವೇ ಹೇಳಿ?"

ನನ್ನ ಕೈ ತಾನಾಗಿ ಸಡಿಲವಾಯಿತು.

ಶಿಲುಬೆ. ಆರಸೇಲಿಗೆ ಹದಿನಾರು ತುಂಬಿದ ಮೇಲೆ ಚರ್ಚು ಬೇಡ, ದೇವರು ಬೇಡ. ಆ ಮೂರು ತಿಂಗಳು ಕಾಗದವೆಲ್ಲ ಬರೆದುಕೊಟ್ಟಳು, ಶಿಲುಬೆ ಮಾತ್ರ ಹಾಕುತ್ತಿರಲಿಲ್ಲ. 'ಅದು ನಿನ್ನ ಕೆಲಸ, ಎಡಗೈಯಲ್ಲಾದ್ರೂ ಹಾಕ್ಕೋ' ಅಂತ ನನ್ನ ಮುಂದೆ ತಳ್ಳುತ್ತಿದ್ದಳು. ನಾನು ನಕ್ಕೊಂಡು ಹಾಕುತ್ತಿದ್ದೆ.

 ಅವಳಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಐದು ನಿಮಿಷದ ಹಿಂದೆ 'ಚೆನ್ನಾಗಿದ್ದೇನೆ' ಅಂದ ಫೋನು.

ನಿಕಾನೋರ್ ನನ್ನ ಭುಜದ ಮೇಲೆ ಕೈಯಿಟ್ಟ. ಗಂಡನ ಶವದ ಪಕ್ಕ ನಿಂತಿದ್ದಾಗ ಇಟ್ಟಿದ್ದನಲ್ಲ, ಅದೇ ಕೈ. "ಪೊಲೀಸರಿಗೆ ಈ ಕಾಗದ ತೋರಿಸಿದ್ರೆ ಮೊದಲು ಬೇಡಿ ಬೀಳೋದು ಹುಡುಗೀಗೆ. ಸೋಮವಾರ ಮುಗೀಲಿ. ಆ ಮನುಷ್ಯ ಸಹಿ ಹಾಕಿ ಅವನ ಪಾಡಿಗೆ ಹೋಗ್ತಾನೆ. ಆಮೇಲೆ ಹುಡುಗೀನ ನಾನೇ ಕರ್ಕೊಂಡು ಬರ್ತೀನಿ, ನನ್ನ ಮೇಲೆ ಬಿಡಿ. ಕಾಗದ ಮಾತ್ರ ನಂಗೆ ಕೊಡಿ, ಸುಟ್ಟುಹಾಕೋಣ."

ಗೂಡಿನೊಳಗೆ ವರ್ನಾ ತಮ್ಮನ ಹಕ್ಕಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ನನಗೆ ಕೇಳಿಸುತ್ತಿತ್ತು. ಆ ಹೆಂಗಸಿನ ತಮ್ಮ ಒಂದು ಕಡೆ, ನನ್ನ ಮಗಳು ಇನ್ನೊಂದು ಕಡೆ. ಹೇಳಲು ನಾಚಿಕೆಯಾಗುತ್ತದೆ, ಮುಚ್ಚಿಡುವುದಿಲ್ಲ. ನಾನು ತಲೆಯಾಡಿಸಿಬಿಟ್ಟೆ. ಹೂಂ ಅಂದೆ. ಕಾಗದವನ್ನು ಅವನ ಅಂಗೈಯಲ್ಲಿಟ್ಟೆ.

ಆಗ ಗಂಟೆ ಬಡಿಯಿತು.

ಪುಟ್ಟ ಗಂಟೆ, ಒಂದೇ ಸಲ. ಕಿಂಡಿಯ ಮುಚ್ಚಳ ಹಿಂದೆ ಮುಂದೆ ಆಡುತ್ತಿತ್ತು. ವರ್ನಾ ಒಳಗಿಂದ ಕಿರುಚಿದಳು.

"ಕಪ್ಪು ಹೆಣ್ಣು! ಬಂದ್ಲು! ಓಡೆಲನ ಕಪ್ಪು ಹೆಣ್ಣು ಬಂದ್ಲು ಕಣೇ!"

ಓಡಿದೆ. ಹಕ್ಕಿಯ ಎದೆ ಅವಳ ಕೈಯೊಳಗೆ ಡಬಡಬ ಬಡಿಯುತ್ತಿತ್ತು. ಕಾಲಿಗೆ ದಾರ ಸುತ್ತಿತ್ತು. ದಾರದೊಳಗೆ ಸುರುಳಿ ಸುತ್ತಿದ ಹಳದಿ ಕಾಗದದ ಚೂರು.

"ನೀನು ಬಿಚ್ಚು, ನೀನು ಓದು, ನನ್ನ ಕನ್ನಡಕ ಒಳಗಿದೆ," ಎಂದಳು ವರ್ನಾ. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಬದುಕಿದಾನೆ ಅಂತ ಬರೆದಿದ್ರೆ ಸಾಕು. ಅಷ್ಟು ಓದು."

ಬಿಚ್ಚಿದೆ. ಗೆರೆ ಎಳೆದ ಕಾಗದ. ಉದ್ದ ಬಾಲದ ಅಕ್ಷರ. ನನ್ನದೇ ಕೈಬರಹ, ನಾನು ಬರೆಯದ್ದು.

ತುದಿಯಲ್ಲಿ ಸಾಸಿವೆಯಷ್ಟು ಶಿಲುಬೆ ಇತ್ತು.  ನನ್ನ ಮಗಳು ಹತ್ತು ವರ್ಷದಿಂದ ಹಾಕದ ಶಿಲುಬೆ.

'ಅಮ್ಮ, ಇಬ್ಬರೂ ಬದುಕಿದ್ದೇವೆ. ಕೂಡಿಹಾಕಿದ್ದಾರೆ. ಪದ್ರಿನೊಗೆ ಹೇಳಬೇಡ.'

ಆಗ ನನಗೆ ಆ ಗೇಟು ನೆನಪಾಯಿತು. ನಾನು ಬಂದಾಗ ಆ ಗೇಟಿನ ಜತೆ ಹತ್ತು ನಿಮಿಷ ಕುಸ್ತಿ ಆಡಿದ್ದೆ. ಕೊನೆಗೆ ವರ್ನಾ ಬಂದು, ಕೆಳಗೆ ಒದ್ದು ಮೇಲಕ್ಕೆತ್ತಬೇಕು, ಮನೆಯವರಿಗೆ ಬಿಟ್ಟು ಇನ್ಯಾರಿಗೂ ಇದರ ಮರ್ಮ ಗೊತ್ತಿಲ್ಲ ಅಂದಿದ್ದಳು. ಈ ಕಡೆ ಬಂದೇ ಇಲ್ಲ ಅಂದವನು ಒಂದೇ ಒದೆಗೆ ತೆಗೆದುಕೊಂಡು ಬಂದಿದ್ದ.

ಹಿಂದೆ ಬೂಟಿನ ಸದ್ದಾಯಿತು. ನಿಕಾನೋರ್ ಗೂಡಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರುತ್ತಿದ್ದ ಬಿಸಿಲೆಲ್ಲ ಅವನ ಮೈಗೇ ನಿಂತಿತ್ತು. ಟೋಪಿ ಮತ್ತೆ ತಲೆಗೇರಿತ್ತು.

"ಏನು ಬರೆದಿದೆ ಕೊಮಾದ್ರೆ?" ಎಂದು ಕೈ ಚಾಚಿದ.

ನಾನು ಚೀಟಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

"ಅಯ್ಯೋ, ಯಾಕೆ ಸುಮ್ಮನಾದೆ?" ವರ್ನಾ ನನ್ನ ತೋಳು ಹಿಡಿದು ಅಲುಗಾಡಿಸಿದಳು. "ಜೋರಾಗಿ ಓದೇ, ಅವರೂ ಕೇಳಲಿ!"